ಸಹಾಯ ಬೇಕು: ಡೌನ್‌ಲೋಡ್ ದಿಕ್ಕಿನಲ್ಲಿ ಧ್ವನಿ ಕರೆಗಳಿಗೆ ಆದ್ಯತೆ ನೀಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಕಚೇರಿಯಲ್ಲಿ ಐಪಿ ಫೋನುಗಳು, ಸಿಸಿಟಿವಿ ಬ್ಯಾಕಪ್ ಮತ್ತು ಕಂಪ್ಯೂಟರುಗಳು ಒಂದೇ ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ಹಂಚಿಕೊಂಡಿವೆ. ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶವಿರುವ ರೂಟರಿನಲ್ಲಿ, ಪ್ಯಾಕೆಟ್‌ಗಳ ಸರದಿಯನ್ನು ನಿರ್ವಹಿಸುವ ಕೇಕ್ ಅನ್ನು ಡಿಫ್‌ಸರ್ವ್4 (ಗುರುತು ನೋಡಿ ನಾಲ್ಕು ಆದ್ಯತಾ ದರ್ಜೆಗಳಾಗಿ ವಿಂಗಡಿಸುವ) ವಿಧಾನದಲ್ಲಿ ಅಳವಡಿಸಿ, ವೇಗದ ಮಿತಿಯನ್ನು ನಿಜವಾಗಿ ಸಿಗುವ ವೇಗದ ಶೇ. 90ಕ್ಕೆ ಇಳಿಸಿ, ಧ್ವನಿಯ ಪ್ಯಾಕೆಟ್‌ಗಳಿಗೆ ಇಎಫ್, ಅಂದರೆ 46ರ ಡಿಎಸ್‌ಸಿಪಿ (ಪ್ಯಾಕೆಟ್‌ನ ಆದ್ಯತೆ ಸೂಚಿಸುವ ಸಂಖ್ಯೆ) ಗುರುತನ್ನೂ ಬ್ಯಾಕಪ್‌ಗೆ ಕಡಿಮೆ ಆದ್ಯತೆಯ ಸಿಎಸ್1 ಗುರುತನ್ನೂ ಹಾಕಿದ ಮೇಲೆ, ನಮ್ಮ ಮಾತು ಆ ಕಡೆಯವರಿಗೆ ಸ್ಪಷ್ಟವಾಗಿ ಕೇಳುತ್ತಿದೆ.

ತೊಡಕಿರುವುದು ಡೌನ್‌ಲೋಡ್ ಕಡೆಯಲ್ಲಿ. ಹೊರಗಿನಿಂದ ಬರುವ ಪ್ಯಾಕೆಟ್‌ಗಳು ದಾರಿಯಲ್ಲೇ ಗುರುತು ಕಳೆದುಕೊಂಡು, ಡಿಎಸ್‌ಸಿಪಿ ಸೊನ್ನೆಯಾಗಿ ತಲುಪುತ್ತಿವೆ. ಫೈರ್‌ವಾಲ್ ನಿಯಮಗಳಿಗೆ ಸಿಗುವ ಮೊದಲೇ ಅವು ಐಎಫ್‌ಬಿಯ (ಒಳಬರುವ ಪ್ಯಾಕೆಟ್‌ಗಳನ್ನು ಸರದಿಯಲ್ಲಿ ನಿಲ್ಲಿಸಲು ಬಳಸುವ ಕಾಲ್ಪನಿಕ ಇಂಟರ್‌ಫೇಸ್) ಸರದಿಯನ್ನು ದಾಟಿಬಿಡುವುದರಿಂದ ಅಲ್ಲಿ ಗುರುತು ಹಾಕಿ ಪ್ರಯೋಜನವಿಲ್ಲ. ಯಾರಾದರೂ ಏಕಕಾಲಕ್ಕೆ ಹಲವು ಸಂಪರ್ಕ ತೆರೆದು ದೊಡ್ಡ ಫೈಲ್ ಇಳಿಸಿಕೊಂಡರೆ ಎದುರಿನವರ ಮಾತು ತುಂಡುತುಂಡಾಗುತ್ತದೆ. ಜಿ.711 ಎಂಬ ಧ್ವನಿ ಸಂಕೇತೀಕರಣ ಬಳಸುವ ಕರೆಯೊಂದಕ್ಕೆ ಪ್ರತಿ ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 87 ಕಿಲೋಬಿಟ್ ಸಾಕಾಗುವುದರಿಂದ, ಇದು ಸಾಮರ್ಥ್ಯದ ಕೊರತೆಯಲ್ಲ, ಸರದಿಯ ಸಮಸ್ಯೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೆಚ್ಚು ವೇಗದ ಪ್ಲಾನ್ ಕೊಳ್ಳುವ ಸಲಹೆ ಇಲ್ಲಿ ನೆರವಾಗದು.

ಹೊರಹೋಗುವ ಸಂಪರ್ಕದ ಗುರುತನ್ನು ಕಾನ್‌ಟ್ರ್ಯಾಕ್‌ನಲ್ಲಿ (ರೂಟರ್ ಇಡುವ ಸಂಪರ್ಕಗಳ ದಾಖಲೆ) ಉಳಿಸಿ, ಆ ದಾಖಲೆಯಿಂದ ಗುರುತನ್ನು ಓದುವ ಸಿಟಿಇನ್ಫೊ ಮೂಲಕ ಒಳಬರುವ ಪ್ಯಾಕೆಟ್‌ಗಳಿಗೆ ಮರಳಿ ಹಾಕುವ ಕ್ರಮವನ್ನು ಬಳಸಿದವರು ಇದ್ದರೆ, ತಮ್ಮ ಎನ್‌ಎಫ್‌ಟೇಬಲ್ಸ್ (ಫೈರ್‌ವಾಲ್) ನಿಯಮಗಳನ್ನೂ ಸರದಿಯನ್ನು ಹೊಂದಿಸುವ ಟಿಸಿ ಆದೇಶಗಳನ್ನೂ ದಯವಿಟ್ಟು ಇಲ್ಲಿ ಹಂಚಿಕೊಳ್ಳಿ. ರೂಟರ್ ಮರುಪ್ರಾರಂಭವಾದಾಗಲೂ ಅವು ಉಳಿಯುವಂತೆ ಎಲ್ಲಿ ಬರೆಯಬೇಕೆಂಬುದನ್ನೂ ತಿಳಿಸಿದರೆ ಬಹಳ ಉಪಕಾರವಾಗುತ್ತದೆ.