ಪಂದ್ಯ ರೆಫರಿಯ ಕೈಮೀರುವುದು ಯಾವ ಹಂತದಲ್ಲಿ?

ಪ್ರಶ್ನೆ:
ಹೊಸ ರೆಫರಿಗಳ ಫುಟ್‌ಬಾಲ್ ಪಂದ್ಯಗಳಲ್ಲಿ ಇದು ಪದೇ ಪದೇ ಕಾಣುತ್ತದೆ. ಮೊದಲರ್ಧ ಸಲೀಸು, 60ನೇ ನಿಮಿಷ ದಾಟಿತೆಂದರೆ ಪ್ರತಿ ವಿಸಿಲ್‌ಗೂ ಐದಾರು ಜನ ಮುತ್ತಿಕೊಳ್ಳುತ್ತಾರೆ. ಆಮೇಲೆ ಎಷ್ಟು ಕಾರ್ಡ್ ತೋರಿಸಿದರೂ ಆಟ ಹತೋಟಿಗೆ ಬರುವುದಿಲ್ಲ. ಎಡವಟ್ಟಾಗುವುದು ಎಲ್ಲಿ?

ಉತ್ತರ 1:
ಮೊದಲ ಹತ್ತು-ಹದಿನೈದು ನಿಮಿಷದಲ್ಲೇ ಸರ್. ಯಾವುದಕ್ಕೆ ವಿಸಿಲ್ ಬೀಳುತ್ತದೆ, ಯಾವುದಕ್ಕೆ ಇಲ್ಲ ಎಂದು ಆಟಗಾರರು ಅಷ್ಟರಲ್ಲೇ ಅಳೆದುಬಿಟ್ಟಿರುತ್ತಾರೆ. ತಡವಾಗಿ ಬಂದ ಒರಟು ಟ್ಯಾಕಲನ್ನು (ಚೆಂಡು ಕಸಿಯಲು ಎದುರಾಳಿಯ ಮೇಲೆ ನುಗ್ಗುವುದು) ‘ಈಗಷ್ಟೇ ಶುರುವಾಗಿದೆ’ ಎಂದು ಬಿಟ್ಟರೆ, ಏಟು ತಿಂದ ತಂಡ ತಾನೇ ಲೆಕ್ಕ ತೀರಿಸಲು ಹೊರಡುತ್ತದೆ. ಎದುರಾಳಿಗೆ ಏನಾದೀತೆಂಬ ಪರಿವೆಯಿಲ್ಲದೆ ನುಗ್ಗಿದರೆ 2ನೇ ನಿಮಿಷದಲ್ಲೂ ಹಳದಿ ಕಾರ್ಡೇ.

ಸಣ್ಣ ಫೌಲ್‌ಗಳಿಗೆ ಮಾತ್ರ ಹಂತಗಳಿರಲಿ: ಮೊದಲು ಓಡುತ್ತಲೇ ಒಂದು ಮಾತು, ಮತ್ತೆ ಮಾಡಿದರೆ ಆಟ ನಿಂತಾಗ ಎಲ್ಲರಿಗೂ ಕಾಣುವಂತೆ ಕರೆದು ಎಚ್ಚರಿಕೆ, ಆಮೇಲೆ ಕಾರ್ಡ್. ಎಷ್ಟನೇ ಫೌಲ್‌ಗೆ ಕಾರ್ಡ್ ಎಂದು ಫೌಲ್ ಮತ್ತು ದುರ್ವರ್ತನೆ ಕುರಿತ 12ನೇ ನಿಯಮ ಲೆಕ್ಕ ಹೇಳುವುದಿಲ್ಲ, ಅದು ರೆಫರಿಯ ವಿವೇಚನೆ.

ಉತ್ತರ 2:
ವಿಸಿಲ್ ಬಗ್ಗೆಯೂ ಹೇಳಬೇಕು. ಎಲ್ಲಕ್ಕೂ ಒಂದೇ ಥರ ಊದಿದರೆ ಅದಕ್ಕೆ ಬೆಲೆ ಉಳಿಯುವುದಿಲ್ಲ. ಸಾಮಾನ್ಯ ಫೌಲ್‌ಗೆ ಚಿಕ್ಕದು, ಒರಟಾಟಕ್ಕೆ ಉದ್ದ ಮತ್ತು ಜೋರು. ಥ್ರೋ-ಇನ್ ಎಂದು ಎಲ್ಲರಿಗೂ ಗೊತ್ತಿದ್ದರೆ ಊದುವುದೇ ಬೇಡ. 40 ಮೀಟರ್ ದೂರದಿಂದ ಕೊಟ್ಟ ತೀರ್ಪು ಸರಿಯಿದ್ದರೂ ಯಾರೂ ನಂಬುವುದಿಲ್ಲ. ಊದಿದ ಕೂಡಲೇ ಆ ಜಾಗಕ್ಕೆ ಓಡಿ. ಕೆಳಗೆ ಬಿದ್ದವನು ಎದ್ದು ತಳ್ಳುವ ಮೊದಲೇ ನೀವು ಅಲ್ಲಿರಬೇಕು.

ಕಾರ್ನರ್ ಕಿಕ್‌ಗೆ ಮುಂಚೆ ಜೆರ್ಸಿ ಎಳೆದಾಟ ಕಂಡರೆ ಕಿಕ್ ತಡೆದು ಇಬ್ಬರಿಗೂ ಎಚ್ಚರಿಸಿ. ಚೆಂಡು ಆಟಕ್ಕೆ ಬರುವ ಮೊದಲಿನ ಎಳೆದಾಟಕ್ಕೆ ಪೆನಾಲ್ಟಿ ಕೊಡಲು ಬರುವುದಿಲ್ಲ, ಕಾರ್ಡ್ ಕೊಡಬಹುದು. ಇದು ತಿಳಿಯದೆ ಸಿಕ್ಕಿಹಾಕಿಕೊಳ್ಳುವವರೇ ಹೆಚ್ಚು.

ಉತ್ತರ 3:
ಮುತ್ತಿಗೆಗೆ 2024ರಿಂದ ನಾಯಕ ಮಾತ್ರ ಮಾತನಾಡುವ ಮಾರ್ಗಸೂಚಿ ಇದೆ. ನಿಮ್ಮ ಟೂರ್ನಿ ಅದನ್ನು ಒಪ್ಪಿಕೊಂಡಿದ್ದರೆ ಟಾಸ್ ಹೊತ್ತಿಗೇ ಇಬ್ಬರೂ ನಾಯಕರಿಗೆ ತಿಳಿಸಿ. ಗುಂಪುಗೂಡಿದರೆ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ. ಎರಡೂ ಕೈ ತಲೆಯ ಮೇಲೆತ್ತಿ ಮಣಿಕಟ್ಟಿನ ಬಳಿ ಒಂದಕ್ಕೊಂದು ಅಡ್ಡ ಹಿಡಿದು ಸನ್ನೆ ಮಾಡಿ. ನಾಯಕನ ಹೊರತು ಉಳಿದವರು 4 ಮೀಟರ್ ದೂರವಿರಬೇಕು. ಮೀರಿ ಬಂದು ವಾದಿಸಿದವನಿಗೆ ಹಳದಿ. ಐವರಿಗೂ ತೋರಿಸುವ ಅಗತ್ಯವಿಲ್ಲ, ಎಲ್ಲರಿಗಿಂತ ಮೊದಲು ನುಗ್ಗಿದವನನ್ನು ಹಿಡಿಯಿರಿ.

ಪ್ರಶ್ನೆ ಕೇಳಿದವರು:
ಧನ್ಯವಾದ. ಫೌಲ್ ಆದರೂ ಏಟು ತಿಂದ ತಂಡಕ್ಕೇ ಲಾಭವಿದೆ ಎಂದು ಅಡ್ವಾಂಟೇಜ್ ಕೊಟ್ಟು ಆಟ ಮುಂದುವರಿಯಲು ಬಿಟ್ಟಾಗಲೂ ಇದೇ ಗಲಾಟೆಯಲ್ಲವೇ?

ಉತ್ತರ 1:
ಎರಡೂ ಕೈ ಮುಂದೆ ಚಾಚಿ ‘ಅಡ್ವಾಂಟೇಜ್’ ಎಂದು ಜೋರಾಗಿ ಕೂಗಿದರೆ ಅರ್ಧ ಗಲಾಟೆ ಇರುವುದಿಲ್ಲ, ಫೌಲ್ ಕಂಡಿದೆ ಎಂದು ಗೊತ್ತಾಗುತ್ತದೆ. ಕೆಲವೇ ಸೆಕೆಂಡಿನಲ್ಲಿ ಲಾಭ ಸಿಗದಿದ್ದರೆ ಫ್ರೀ ಕಿಕ್‌ಗೆ ಮರಳಿ. ಒರಟು ಟ್ಯಾಕಲ್ ಆಗಿದ್ದರೆ ಆಟ ನಿಂತ ತಕ್ಷಣ ಹೋಗಿ ಕಾರ್ಡ್ ತೋರಿಸಿ, ಜೆರ್ಸಿ ನಂಬರ್ ಮರೆಯಬೇಡಿ. ಕೆಂಪು ಕಾರ್ಡ್ ಮಟ್ಟದ ಒರಟಾಟವಿದ್ದರೆ, ಗೋಲಿನ ಸ್ಪಷ್ಟ ಅವಕಾಶವಿದ್ದರೆ ಹೊರತು, ಆಟ ಮುಂದುವರಿಯಲು ಬಿಡಲೇಬೇಡಿ.