ಹಾ ಲಾಂಗ್ ಕೊಲ್ಲಿಯಲ್ಲಿ ಒಂದು ದಿನದ ದೋಣಿ ಪ್ರವಾಸ: ಅಪ್ಪ ಅಮ್ಮನ ಜೊತೆ ಹೋದರೆ ಸರಿಹೋಗುತ್ತಾ?

ಶಿಡ್ಲಘಟ್ಟದವನು

ಎಲ್ಲರಿಗೂ ನಮಸ್ಕಾರ. ಬರುವ ನವೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ವಿಯೆಟ್ನಾಂಗೆ ಕರೆದುಕೊಂಡು ಹೋಗೋಣ ಅಂತ ಇದ್ದೇನೆ. ಉಳಿಯುವುದು ಹನೋಯ್‌ನಲ್ಲಿ. ಅಲ್ಲಿಂದ ಹಾ ಲಾಂಗ್ ಕೊಲ್ಲಿಗೆ ಒಂದು ದಿನದ ಕ್ರೂಸ್ ಅಂತ ಎಲ್ಲಿ ನೋಡಿದರೂ ಜಾಹೀರಾತು. ಬೆಳಿಗ್ಗೆ ಹೋಟೆಲ್ ಬಾಗಿಲಲ್ಲೇ ಹತ್ತಿಸಿಕೊಂಡು ರಾತ್ರಿ ತಂದು ಬಿಡುತ್ತಾರಂತೆ.

ಮನೆ ಪರಿಸ್ಥಿತಿ ಮೊದಲೇ ಹೇಳಿಬಿಡುತ್ತೇನೆ. ಅಪ್ಪ ಇಡೀ ಜೀವನ ರೇಷ್ಮೆ ಗೂಡು, ಹಿಪ್ಪುನೇರಳೆ ಸೊಪ್ಪು, ಮಾರ್ಕೆಟ್ಟು ಅಂತ ಓಡಾಡಿದವರು. ನೀರು ಕಂಡರೆ ಅಷ್ಟಕ್ಕಷ್ಟೆ. ನಮ್ಮ ಕಡೆ ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ನೋಡಲು ಹೋಗುತ್ತದೆ, ಸಮುದ್ರ ಎಲ್ಲಿಂದ ಬರಬೇಕು? ಅಮ್ಮನಿಗೆ ಮಂಡಿ ನೋವು. ಜೊತೆಗೆ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಕ್ರೂಸ್ ಊಟದ ಫೋಟೋ ನೋಡಿದರೆ ಬರೀ ಸೀಗಡಿ, ಮೀನು, ಚಿಪ್ಪು.

ದೋಣಿ ತುಂಬಾ ಅಲ್ಲಾಡುತ್ತಾ? ಗುಹೆ ನೋಡಲು ಮೆಟ್ಟಿಲು ಎಷ್ಟು ಹತ್ತಬೇಕು? ಅಮ್ಮನಿಗೆ ಊಟ ಸಿಗುತ್ತಾ? ಒಂದೇ ದಿನದಲ್ಲಿ ಹೋಗಿ ಬಂದರೆ ಸುಸ್ತಾಗಿ ಬೈಸಿಕೊಳ್ಳುತ್ತೇನಾ? ನಿಜವಾಗಿ ಹೋಗಿ ಬಂದವರು ಹೇಳಿ. ಏಜೆಂಟರು ದಯವಿಟ್ಟು ಮೆಸೇಜ್ ಮಾಡಬೇಡಿ.

ಕ್ಯಾತ್ಸಂದ್ರದ ಅಕ್ಕ

ತಮ್ಮಾ, ನಾನು ಅತ್ತೆಯನ್ನು ಕರೆದುಕೊಂಡು ಹೋಗಿ ಬಂದವಳು. ಹಾಗಾಗಿ ನಿನ್ನ ಪ್ರಶ್ನೆಗಳೆಲ್ಲ ನನಗೆ ಬಾಯಿಪಾಠ. ಒಂದು ದಿನದ ದೋಣಿ ಸಾಕು. ಆದರೆ ಹನೋಯ್‌ನಿಂದ ಹೋಗಿ ಅದೇ ದಿನ ವಾಪಸ್ ಬರುವುದು ಬೇಡ. ಹಿಂದಿನ ರಾತ್ರಿ ಹಾ ಲಾಂಗ್ ಊರಲ್ಲೇ ಉಳಿದುಕೊಳ್ಳಿ.

ಯಾಕೆ ಅಂತ ಲೆಕ್ಕ ಹಾಕು. ಹನೋಯ್‌ನಿಂದ ಹಾ ಲಾಂಗ್‌ಗೆ ಸುಮಾರು 150 ಕಿಲೋಮೀಟರ್. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಎರಡೂವರೆ ಗಂಟೆ ಅನ್ನುತ್ತಾರೆ. ಆದರೆ ಬೆಳಿಗ್ಗೆ ಹಳೇ ಪೇಟೆಯ ಗಲ್ಲಿ ಗಲ್ಲಿ ಸುತ್ತಿ ಒಬ್ಬೊಬ್ಬರನ್ನೇ ಹತ್ತಿಸಿಕೊಳ್ಳುವುದಕ್ಕೇ ಮುಕ್ಕಾಲು ಗಂಟೆ ಹೋಗುತ್ತದೆ. ಆಮೇಲೆ ದಾರಿಯಲ್ಲಿ 'ವಿಶ್ರಾಂತಿ' ಅಂತ ದೊಡ್ಡ ಅಂಗಡಿ ಮುಂದೆ ನಿಲ್ಲಿಸುತ್ತಾರೆ. ಮುತ್ತಿನ ಸರ, ಕಸೂತಿ, ಅಮೃತಶಿಲೆಯ ಗೊಂಬೆ. ಶೌಚಾಲಯಕ್ಕೆ ಹೋಗಿ ಬರಬೇಕೆಂದರೆ ಇಡೀ ಅಂಗಡಿ ದಾಟಿ ಹೋಗುವ ಹಾಗೆ ಕಟ್ಟಿದ್ದಾರೆ. ಬುದ್ಧಿವಂತರಪ್ಪ! ದೋಣಿ ಹತ್ತುವಷ್ಟರಲ್ಲಿ ಮಧ್ಯಾಹ್ನ. ಸಂಜೆ ಇಳಿದು ಮತ್ತೆ ಅದೇ ರಸ್ತೆ. ರಾತ್ರಿ ಒಂಬತ್ತಕ್ಕೆ ಹನೋಯ್. ನೀರಿನ ಮೇಲೆ ಇದ್ದಷ್ಟೇ ಹೊತ್ತು ವ್ಯಾನಿನಲ್ಲೂ ಕೂತಿರುತ್ತೀರಿ. ಮಂಡಿ ನೋವಿನವರಿಗೆ ಗುಹೆಯ ಮೆಟ್ಟಿಲಿಗಿಂತ ಆ ಸೀಟೇ ಜಾಸ್ತಿ ಕಷ್ಟ.

ಮೊದಲ ದಿನ ನಿಧಾನವಾಗಿ ಹೋಗಿ ರೂಮ್ ಮಾಡಿ. ಮಾರನೇ ದಿನ ತುವಾನ್ ಚಾವ್ ಬಂದರಿಗೆ ಟ್ಯಾಕ್ಸಿಯಲ್ಲಿ ಹೋಗಿ ದೋಣಿ ಹತ್ತಿ. ಬುಕ್ ಮಾಡುವಾಗ 'ಬಂದರಿನಿಂದ ಬಂದರಿಗೆ' ಅಂತ ಕೇಳಿದರೆ ದರವೂ ಕಡಿಮೆ ಆಗುತ್ತದೆ.

ಇನ್ನು ದೋಣಿ ಅಲ್ಲಾಡುವ ವಿಷಯ. ಅಲ್ಲಾಡುವುದಿಲ್ಲ ಅಂತಲೇ ಹೇಳಬಹುದು. ತೆರೆದ ಸಮುದ್ರದಿಂದ ಬರುವ ಅಲೆಗೆ ಸಾವಿರಾರು ಗುಡ್ಡಗಳು ಅಡ್ಡ ನಿಂತಿವೆಯಲ್ಲ. ಯುನೆಸ್ಕೊದ ಹಳೆಯ ಲೆಕ್ಕದಲ್ಲಿ ಸುಮಾರು 1600 ದ್ವೀಪಗಳು. ನಮ್ಮ ಅತ್ತೆ ಮಾತ್ರೆ ನುಂಗಿ ತಯಾರಾಗಿ ಬಂದವರು, ದೋಣಿಯಲ್ಲಿ ಕೂತು ಅರ್ಧ ಗಂಟೆಯಾದ ಮೇಲೆ 'ಇದು ಹೊರಟಿತಾ?' ಅಂತ ಕೇಳಿದರು. ನಿಮ್ಮ ಅಪ್ಪನಿಗೆ ಏನೂ ಆಗುವುದಿಲ್ಲ. ಮೇಲಿನ ಡೆಕ್ಕಿನಲ್ಲಿ ನೆರಳಿಗೆ ಕೂರಿಸಿ, ಕೈಗೆ ಒಂದು ಕಾಫಿ ಕೊಡಿ. 2,00,000 ಡಾಂಗ್ ನೋಟನ್ನೂ ಕೊಡಿ. ಗಾಬರಿ ಬೇಡ, ನಮ್ಮ 650-700 ರೂಪಾಯಿ ಅಷ್ಟೆ. ಅದರ ಹಿಂಬದಿಯಲ್ಲಿ ಇರುವ ಕಲ್ಲುಗುಡ್ಡ ಇದೇ ಕೊಲ್ಲಿಯದು. ದಿನ್ ಹುವೊಂಗ್ ಅಂತ ಹೆಸರು. ದೋಣಿ ಅದರ ಹತ್ತಿರ ಹೋದರೆ ಎಲ್ಲರೂ ನೋಟು ಹಿಡಿದು ಹೋಲಿಸಿ ನೋಡುತ್ತಾರೆ. ನಮ್ಮ ಅತ್ತೆಗೆ ಗುಹೆಗಿಂತ ಅದೇ ಇಷ್ಟವಾಯಿತು.

ಮೆಟ್ಟಿಲು. ಇಲ್ಲಿ ಸ್ವಲ್ಪ ಜಾಗ್ರತೆ ಬೇಕು. ಸುಂಗ್ ಸೋಟ್ ಗುಹೆ ದೊಡ್ಡದು, ಚೆನ್ನಾಗಿದೆ. ಆದರೆ ಅದು ಗುಡ್ಡದ ಮೇಲಿದೆ. ಹತ್ತಬೇಕು, ಒಳಗೆ ಸುಮಾರು ಅರ್ಧ ಕಿಲೋಮೀಟರ್ ನಡೆಯಬೇಕು, ಆಮೇಲೆ ಇನ್ನೊಂದು ಕಡೆಯಿಂದ ಇಳಿಯಬೇಕು. ಹತ್ತುವ ದಾರಿ ಬೇರೆ, ಇಳಿಯುವ ದಾರಿ ಬೇರೆ. ಅರ್ಧಕ್ಕೆ ಸಾಕು ಅನ್ನಿಸಿದರೆ ತಿರುಗಿ ಬರುವುದು ಕಷ್ಟ, ಹಿಂದಿನಿಂದ ಜನ ಬರುತ್ತಲೇ ಇರುತ್ತಾರೆ. ಕೆಲವು ಕಡೆ ಕಲ್ಲು ಒದ್ದೆ. ಹವಾಯಿ ಚಪ್ಪಲಿ ಬೇಡವೇ ಬೇಡ. ಟಿಟೋಪ್ ದ್ವೀಪದ ತುದಿಗೆ 400ಕ್ಕೂ ಹೆಚ್ಚು ಮೆಟ್ಟಿಲು. ಸಿದ್ಧಗಂಗೆ ಬೆಟ್ಟ ಏದುಸಿರಿಲ್ಲದೆ ಹತ್ತುವವರು ಇದನ್ನೂ ಹತ್ತಬಹುದು. ಅಮ್ಮ ಕೆಳಗೆ ಮರಳ ದಂಡೆಯಲ್ಲಿ ಕೂತಿರಲಿ. ಅಲ್ಲಿ ರಷ್ಯಾದ ಗಗನಯಾತ್ರಿ ಟಿಟೋವ್ ಪ್ರತಿಮೆ ಇದೆ. ಅವರು 1962ರಲ್ಲಿ ಹೋ ಚಿ ಮಿನ್ ಜೊತೆ ಅಲ್ಲಿಗೆ ಬಂದಿದ್ದರಂತೆ, ದ್ವೀಪದ ಹೆಸರು ಅವರದೇ.

ಅಮ್ಮನಿಗೆ ಹೇಳಿ ಮಾಡಿಸಿದ ಜಾಗ ಲುವೊನ್ ಗುಹೆ. ಅಲ್ಲಿ ಹತ್ತುವುದೇನೂ ಇಲ್ಲ. ದೊಡ್ಡ ದೋಣಿಯಿಂದ ಇಳಿದು ಬಿದಿರ ದೋಣಿಯಲ್ಲಿ ಕೂರಬೇಕು. ಅಂಬಿಗ ಹುಟ್ಟು ಹಾಕುತ್ತಾನೆ. ಬಂಡೆಯ ಕೆಳಗೆ ತಗ್ಗಾದ ಕಮಾನು, ಅದರಡಿ ನುಸುಳಿ ಹೋದರೆ ಸುತ್ತ ಗೋಡೆ ಕಟ್ಟಿದ ಹಾಗೆ ಗುಡ್ಡ, ನಡುವೆ ಹಸಿರು ನೀರು. ಕಯಾಕ್ (ನಾವೇ ಹುಟ್ಟು ಹಾಕುವ ಕಿರುದೋಣಿ) ಬೇಕಾ ಬಿದಿರ ದೋಣಿ ಬೇಕಾ ಅಂತ ಕೇಳುತ್ತಾರೆ. ಹುಡುಗರೆಲ್ಲ ಕಯಾಕ್ ಅನ್ನುತ್ತಾರೆ. ನೀನು ಸುಮ್ನೆ ಅಮ್ಮನ ಪಕ್ಕ ಬಿದಿರ ದೋಣಿಯಲ್ಲಿ ಕೂತುಕೋ. ಆ ಗುಡ್ಡದಲ್ಲಿ ಕೋತಿಗಳೂ ಇವೆ. ಕೈಯಲ್ಲಿ ಬಾಳೆಹಣ್ಣು ಇಟ್ಟುಕೊಳ್ಳಬೇಡ.

ಊಟಕ್ಕೆ ಬುಕ್ ಮಾಡುವಾಗಲೇ ಬರೆದು ಹಾಕು: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಮೀನಿನ ಸಾಸ್ ಬೇಡ. ಕೊನೆಯದನ್ನು ಬಿಡಬೇಡ. ಅವರ ಅಡುಗೆಯಲ್ಲಿ ಬರೀ ಸೊಪ್ಪಿನ ಪಲ್ಯಕ್ಕೂ ಆ ಸಾಸ್ ಬೀಳುತ್ತದೆ. ಅಲ್ಲಿ ಸಸ್ಯಾಹಾರಕ್ಕೆ 'ಚಾಯ್' ಅನ್ನುತ್ತಾರೆ, ಬೌದ್ಧರು ಇರುವ ದೇಶ ಆದ್ದರಿಂದ ಗೊತ್ತಿರುವ ವಿಷಯವೇ. ಅನ್ನ, ತೋಫು, ಕೋಸು, ಹಣ್ಣು ಬರುತ್ತದೆ. ರುಚಿ ಕೇಳಬೇಡ. ಅದಕ್ಕೇ ಹುರಿಗಡಲೆ ಚಟ್ನಿಪುಡಿ ಒಂದು ಡಬ್ಬಿ ಬ್ಯಾಗಿನಲ್ಲಿ ಇರಲಿ. ಬಿಸಿ ಅನ್ನಕ್ಕೆ ಚಟ್ನಿಪುಡಿ ಬಿದ್ದರೆ ಅಮ್ಮ ಯಾವ ದೇಶದಲ್ಲಾದರೂ ಊಟ ಮುಗಿಸುತ್ತಾರೆ.

ನೀರಿಗೆ ಸ್ಟೀಲ್ ಬಾಟಲ್ ಒಯ್ಯಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ಆ ಕೊಲ್ಲಿಯಲ್ಲಿ 2019ರಿಂದ ನಿಷೇಧ ಇದೆ.

ಕೆಜಿಎಫ್ ಅಲೆಮಾರಿ

ಅಕ್ಕ ಹೇಳಿದ್ದು ಅರ್ಧ ಒಪ್ಪುತ್ತೇನೆ. ಅಷ್ಟು ದೂರ ಹೋಗಿ ರಾತ್ರಿ ಊರಿನ ಹೋಟೆಲ್‌ನಲ್ಲಿ ಯಾಕೆ ಮಲಗಬೇಕು? ದೋಣಿಯಲ್ಲೇ ಮಲಗಿ. ಸಂಜೆ ಒಂದು ದಿನದ ದೋಣಿಗಳೆಲ್ಲ ವಾಪಸ್ ಹೋದ ಮೇಲೆ ಕೊಲ್ಲಿಯ ಕಳೆಯೇ ಬೇರೆ. ಪಕ್ಕದ ಲಾನ್ ಹಾ ಕೊಲ್ಲಿಗೆ ಹೋದರೆ ಜನ ಇನ್ನೂ ಕಡಿಮೆ. ಅದೇ ತರದ ಕಲ್ಲು, ಅದೇ ನೀರು. ಅದು ಕ್ಯಾಟ್ ಬಾ ದ್ವೀಪದ ಬದಿಗಿದೆ. 2023ರಲ್ಲಿ ಯುನೆಸ್ಕೊ ಕ್ಯಾಟ್ ಬಾ ದ್ವೀಪಸಮೂಹವನ್ನೂ ಹಾ ಲಾಂಗ್ ಜೊತೆ ಸೇರಿಸಿದೆ. ದುಡ್ಡು ಜಾಸ್ತಿ ಆಗುತ್ತದೆ, ಹೌದು.

ಇನ್ನೊಂದು. ತೇಲುವ ಮೀನುಗಾರರ ಹಳ್ಳಿ ತೋರಿಸುತ್ತೇವೆ ಅಂತ ಜಾಹೀರಾತಿನಲ್ಲಿ ಇದ್ದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಅಲ್ಲಿದ್ದ ಕುಟುಂಬಗಳನ್ನು 2014ರಲ್ಲೇ ದಡದ ಮೇಲಿನ ಮನೆಗಳಿಗೆ ಕಳಿಸಿದರು. ಈಗ ಕಾಣುವುದು ಹೆಚ್ಚಾಗಿ ಪ್ರವಾಸಿಗರಿಗಾಗಿ ಉಳಿಸಿಕೊಂಡ ಮನೆಗಳು.

ಕ್ಯಾತ್ಸಂದ್ರದ ಅಕ್ಕ

ನಿನಗೆ ವಯಸ್ಸಿದೆ ಕಣಪ್ಪ, ದೋಣಿಯಲ್ಲಿ ಮಲಗು. ನೀರು ಕಂಡರೆ ಆಗದ ಮನುಷ್ಯನನ್ನು ರಾತ್ರಿಯೆಲ್ಲ ನೀರಿನ ಮೇಲೆ ಮಲಗಿಸಿದರೆ ಆ ಹುಡುಗನಿಗೂ ನಿದ್ದೆ ಇಲ್ಲ, ಅವರಪ್ಪನಿಗೂ ಇಲ್ಲ. ಲಾನ್ ಹಾ ಚೆನ್ನಾಗಿದೆ ಅನ್ನುವುದು ಮಾತ್ರ ನಿಜ. ಅಲ್ಲಿಗೂ ಒಂದು ದಿನದ ದೋಣಿಗಳು ಹೋಗುತ್ತವೆ.

ಮಧುಗಿರಿ ಮೇಷ್ಟ್ರು

ನಿವೃತ್ತ ವಿಜ್ಞಾನ ಶಿಕ್ಷಕ. ನಾನು ಅಲ್ಲಿಗೆ ಹೋಗಿಲ್ಲ, ಮಗಳು ಹೋಗಿ ಬಂದಳು. ಕಲ್ಲಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ. ನಿಮ್ಮ ತಂದೆಗೆ ಹೇಳಿ, ನೋಡುವಾಗ ಕುತೂಹಲ ಇರುತ್ತದೆ.

ನಮ್ಮ ಮಧುಗಿರಿ ಬೆಟ್ಟ, ನಿಮ್ಮ ಕಡೆಯ ನಂದಿ ಬೆಟ್ಟ, ಎಲ್ಲ ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು. ಮಳೆಗೆ ಕರಗುವುದಿಲ್ಲ. ಸಿಪ್ಪೆ ಸುಲಿದಂತೆ ಪದರ ಪದರವಾಗಿ ಉದುರಿ ಗುಂಡಗಾಗುತ್ತದೆ. ಹಾ ಲಾಂಗ್‌ನದು ಸುಣ್ಣದಕಲ್ಲು. ಕೋಟ್ಯಂತರ ವರ್ಷ ಹಿಂದೆ ಕಡಲ ತಳದಲ್ಲಿ ಚಿಪ್ಪು, ಹವಳ ಕೂಡಿ ಆದದ್ದು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸಣ್ಣಗೆ ಹುಳಿಯಾಗುತ್ತದೆ. ಆ ನೀರು ಬಿರುಕಿನಲ್ಲಿ ಇಳಿದು ಸುಣ್ಣದಕಲ್ಲನ್ನು ಕರಗಿಸುತ್ತಾ ಹೋಗುತ್ತದೆ. ಬಿರುಕು ಕಣಿವೆಯಾಯಿತು, ಉಳಿದದ್ದು ಕಂಬದಂಥ ಗುಡ್ಡವಾಯಿತು, ಒಳಗೆ ಕರಗಿದ್ದು ಗುಹೆಯಾಯಿತು. ಆಮೇಲೆ ಹಿಮಯುಗ ಮುಗಿದು ಸಮುದ್ರ ಏರಿತು, ಕಣಿವೆಗೆಲ್ಲ ನೀರು ನುಗ್ಗಿತು. ಅಂದರೆ ದೋಣಿ ಹೋಗುವ ದಾರಿಯೆಲ್ಲ ಹಿಂದೆ ನೆಲವೇ. 1994ರಲ್ಲಿ ಅಂದಕ್ಕಾಗಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, 2000ದಲ್ಲಿ ಈ ಭೂರಚನೆಗಾಗಿ ಮತ್ತೊಮ್ಮೆ ಮನ್ನಣೆ ಕೊಟ್ಟರು.

ಗುಡ್ಡಗಳ ಬುಡ ನೋಡಲು ಹೇಳಿ. ನೀರಿನ ಮಟ್ಟದಲ್ಲಿ ಸುತ್ತಲೂ ಒಳಕ್ಕೆ ಕೊರೆದ ಗೆರೆ ಇರುತ್ತದೆ. ಉಬ್ಬರ ಇಳಿತದ ನೀರು, ಕಲ್ಲಿಗೆ ಅಂಟಿದ ಜೀವಿಗಳು ಸೇರಿ ಕೊರೆದದ್ದು. ಇಳಿತದ ಹೊತ್ತಿನಲ್ಲಿ ಚೆನ್ನಾಗಿ ಕಾಣುತ್ತದೆ. ಗುಹೆಯೊಳಗೆ ಹಸಿರು, ನೇರಳೆ, ಕೆಂಪು ಬಣ್ಣ ಕಂಡರೆ ಅದು ಕಲ್ಲಿನದಲ್ಲ, ಅವರು ಹಾಕಿದ ಲೈಟಿನದು. ಮಗಳ ಫೋಟೋ ನೋಡಿ ನಾನು ಬೇಸರ ಮಾಡಿಕೊಂಡೆ. ಅಷ್ಟು ಒಳ್ಳೆಯ ಸುಣ್ಣದ ತೂಗುಗಂಬಗಳಿಗೆ ಜಾತ್ರೆ ಲೈಟ್ ಯಾಕೆ ಬೇಕಿತ್ತು?

ಶಿಡ್ಲಘಟ್ಟದವನು

ಅಕ್ಕ, ಮೇಷ್ಟ್ರೇ, ಅಣ್ಣ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. 'ಹಂಗಾದ್ರೆ ನೀರು ಆಳ ಇಲ್ಲ ಅನ್ನು' ಅಂತ ಕೇಳಿದರು. ಅವರಿಗೆ ಬೇಕಾದದ್ದು ಅವರು ಹಿಡಿದುಕೊಂಡರು.

ಒಂದು ಹೆದರಿಕೆ ಇನ್ನೂ ಇದೆ. ಹೋದ ವರ್ಷವೋ ಯಾವಾಗಲೋ ಅಲ್ಲಿ ದೋಣಿ ಮುಳುಗಿದ ಸುದ್ದಿ ಟಿವಿಯಲ್ಲಿ ಬಂದಿತ್ತಲ್ಲ? ಅಮ್ಮ ಅದನ್ನೇ ಹಿಡಿದುಕೊಂಡು ಕೂತಿದ್ದಾರೆ.

ಕ್ಯಾತ್ಸಂದ್ರದ ಅಕ್ಕ

2025ರ ಜುಲೈ. ಮಧ್ಯಾಹ್ನ ಇದ್ದಕ್ಕಿದ್ದಂತೆ ಬಿರುಗಾಳಿ ಬಂದು ಪ್ರವಾಸಿ ದೋಣಿ ಮಗುಚಿಕೊಂಡಿತು. 30ಕ್ಕೂ ಹೆಚ್ಚು ಜನ ಹೋದರು, ಅದರಲ್ಲಿ ಮಕ್ಕಳೂ ಇದ್ದರು. ಅಮ್ಮ ಹೆದರುವುದು ಸಹಜ. ಸುಳ್ಳು ಧೈರ್ಯ ಹೇಳಬೇಡ.

ಆದರೆ ತಿಂಗಳು ನೋಡು. ಅಲ್ಲಿ ಬಿರುಗಾಳಿ ಕಾಲ ಅಂದರೆ ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ವರೆಗೂ ಎಳೆಯಬಹುದು. 2024ರ ಸೆಪ್ಟೆಂಬರ್‌ನಲ್ಲಿ ಯಾಗಿ ಚಂಡಮಾರುತ ಆ ಕರಾವಳಿಗೇ ಬಡಿದದ್ದು. ನವೆಂಬರ್‌ನಲ್ಲಿ ಮಳೆ ಕಡಿಮೆ, ಆಕಾಶ ತಿಳಿ. ನೀನು ಆರಿಸಿದ ತಿಂಗಳು ಒಳ್ಳೆಯದೇ. ಜನವರಿ ಫೆಬ್ರವರಿಯಲ್ಲಾದರೆ ಮಂಜು ಮುಸುಕಿ, ಜಿನುಗು ಮಳೆ ಹಿಡಿದು ಗುಡ್ಡ ಕಾಣುವುದೇ ಕಷ್ಟ.

ದೋಣಿ ಹತ್ತಿದ ಕೂಡಲೇ ಲೈಫ್ ಜಾಕೆಟ್ ಎಲ್ಲಿದೆ ನೋಡು. ಮಂಚದ ಕೆಳಗೆ, ಬೀಗದ ಕಪಾಟಿನಲ್ಲಿ ಇದ್ದರೆ ಹೊರಗೆ ತೆಗೆಸು. ಯಾರು ನಕ್ಕರೂ ಪರವಾಗಿಲ್ಲ. ಬಿದಿರ ದೋಣಿಯಲ್ಲಿ ಹಾಕಿಕೊಳ್ಳಲೇಬೇಕು. ಗಾಳಿ ಎದ್ದರೆ ಒಳಗೆ ಬಾಗಿಲು ಹಾಕಿಕೊಂಡು ಕೂರಬೇಡಿ. ಹವಾಮಾನ ಕೆಟ್ಟರೆ ಬಂದರಿನವರೇ ದೋಣಿ ಬಿಡುವುದಿಲ್ಲ. ಆಗ ಏಜೆಂಟರ ಜೊತೆ ಜಗಳಕ್ಕೆ ನಿಲ್ಲದೆ ದುಡ್ಡು ವಾಪಸ್ ಕೇಳು. ವಾಪಸ್ ಕೊಡುವ ಷರತ್ತು ಮೊದಲೇ ಬರೆಸಿಕೊಂಡಿರು.

ಕೆಜಿಎಫ್ ಅಲೆಮಾರಿ

ದೋಣಿ ರದ್ದಾದರೆ ನಿನ್ಹ್ ಬಿನ್ಹ್ ಕಡೆ ಹೋಗಿ. ಹನೋಯ್‌ನಿಂದ ಸುಮಾರು 100 ಕಿಲೋಮೀಟರ್ ದಕ್ಷಿಣಕ್ಕೆ. ಅಲ್ಲಿ ಟ್ರಾಂಗ್ ಆನ್ ಅಂತ ಇದೆ, ಅದೂ ವಿಶ್ವ ಪರಂಪರೆ ತಾಣ, 2014ರಲ್ಲಿ ಸೇರಿತು. ಇಂಥವೇ ಗುಡ್ಡಗಳು, ಆದರೆ ಒಳನಾಡು. ಹುಟ್ಟು ಹಾಕುವ ಚಿಕ್ಕ ದೋಣಿಯಲ್ಲಿ ಕೂರಿಸಿ ಗುಹೆಯ ಒಳಗಿಂದಲೇ ದಾಟಿಸುತ್ತಾರೆ. ನಿಜ ಹೇಳಬೇಕೆಂದರೆ ನಿಮ್ಮ ಅಪ್ಪನಿಗೆ ಇದೇ ಜಾಸ್ತಿ ಹಿಡಿಸಬಹುದು. ಎರಡೂ ಕಡೆ ದಡ ಕಾಣುತ್ತಲೇ ಇರುತ್ತದೆ.

ವೀಸಾ ಬಗ್ಗೆ ಕೇಳಲಿಲ್ಲ, ಆದರೂ ಹೇಳುತ್ತೇನೆ. ಇ-ವೀಸಾ ಸರ್ಕಾರದ ವೆಬ್‌ಸೈಟಿನಲ್ಲೇ ಮಾಡಿ. ಒಂದು ಸಲ ಹೋಗಿ ಬರುವುದಕ್ಕೆ 25 ಡಾಲರ್. ಅದೇ ತರ ಕಾಣುವ ಖಾಸಗಿ ಸೈಟುಗಳು ಅದಕ್ಕಿಂತ ಎಷ್ಟೋ ಜಾಸ್ತಿ ಕೀಳುತ್ತವೆ. ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ತುಂಬಿಸಿ. ನಮ್ಮ ಇನಿಷಿಯಲ್ ಗಲಾಟೆ ಗೊತ್ತಲ್ವಾ, ಅಪ್ಪನ ಪಾಸ್‌ಪೋರ್ಟ್ ಒಮ್ಮೆ ತೆಗೆದು ನೋಡಿ.

ಶಿಡ್ಲಘಟ್ಟದವನು

ನೋಡಿದೆ ಅಣ್ಣ. ಇನಿಷಿಯಲ್ ಬಿಡಿಸಿ ಊರಿನ ಹೆಸರನ್ನೂ ಸೇರಿಸಿ ಉದ್ದಕ್ಕೆ ಬರೆದಿದ್ದಾರೆ. ಹಾಗೇ ತುಂಬಿಸುತ್ತೇನೆ.

ಹಾ ಲಾಂಗ್‌ನಲ್ಲಿ ಹಿಂದಿನ ರಾತ್ರಿ ಉಳಿಯುವುದು ಪಕ್ಕಾ ಮಾಡಿದೆ. ಸುಂಗ್ ಸೋಟ್‌ಗೆ ಅಪ್ಪ ನಾನು ಹೋಗುತ್ತೇವೆ, ಅಮ್ಮ ದೋಣಿಯಲ್ಲೇ ಇರುತ್ತಾರಂತೆ. ಅಕ್ಕ, ಹಾಗೆ ದೋಣಿಯಲ್ಲೇ ಕೂರಲು ಬಿಡುತ್ತಾರಾ?

ಕ್ಯಾತ್ಸಂದ್ರದ ಅಕ್ಕ

ಬಿಡುತ್ತಾರೆ. ಗೈಡ್‌ಗೆ ಮೊದಲೇ ಹೇಳು. ಕೆಲವು ಸಲ ಜನರನ್ನು ಒಂದು ಕಡೆ ಇಳಿಸಿ ದೋಣಿ ಇನ್ನೊಂದು ಕಡೆಗೆ ಹೋಗಿ ನಿಲ್ಲುತ್ತದೆ. ನೀವು ಕಾಣುತ್ತಿಲ್ಲ ಅಂತ ಅಮ್ಮ ಗಾಬರಿಯಾಗಬಾರದು ನೋಡು. ಅವರ ಫೋನಿಗೂ ಒಂದು ಅಲ್ಲಿನ ಸಿಮ್ ಹಾಕಿಸು.