ಕ್ವಾರಿ ಕೆಲಸಕ್ಕ ಧೂಳು, ಏಟು ತಡಿಯೂ ರಗ್ಗಡ್ ಲ್ಯಾಪ್‌ಟಾಪ್ ಬೇಕು, ಯಾವ ಕಾನ್ಫಿಗರೇಶನ್ ನೋಡ್ಲಿ?

ಇಳಕಲ್_ಸರ್ವೆ:
ನಮಸ್ಕಾರ್ರಿ ಎಲ್ಲಾರಿಗೂ. ನಾ ಇಳಕಲ್ ಕಡೆ ಗ್ರಾನೈಟ್ ಕ್ವಾರಿ ಅಳತಿ ಮಾಡ್ತೇನ್ರಿ. ಟೋಟಲ್ ಸ್ಟೇಷನ್ (ದೂರ, ಕೋನ ಅಳಿಯೂ ಮಷೀನು) ಡೇಟಾ ಅಲ್ಲೇ ಲ್ಯಾಪ್‌ಟಾಪಿಗೆ ಇಳಿಸಿ ಒಮ್ಮೆ ನೋಡೇ ಬರಬೇಕು, ಮನಿಗೆ ಬಂದಮ್ಯಾಲೆ ಒಂದ್ ಪಾಯಿಂಟ್ ತಪ್ಪೈತಿ ಅಂತ ಗೊತ್ತಾದ್ರ ಮತ್ತ ಅಷ್ಟೂ ದೂರ ಹೋಗೂದಾಗತೈತಿ. ಮೂರು ವರ್ಷದಾಗ ಎರಡು ಲ್ಯಾಪ್‌ಟಾಪ್ ಹೋದುವ್ರಿ. ಎರಡನೇದು ಬಿಚ್ಚಿದಾಗ ನೋಡಿದ್ರ ಫ್ಯಾನಿನ ಸುತ್ತ ಕಲ್ಲಿನ ಪುಡಿ ಮಳಿಗಾಲದ ಥಂಡಿ ಹಿಡಿದು ಸಿಮೆಂಟ್ ಮೆತ್ತಿದಂಗ ಗಟ್ಟಿ ಆಗಿತ್ತು, ಕೆರದ್ರೂ ಬರವಲ್ದು. ಈಗ ಅಂಗಡ್ಯಾವ್ರು ಒಂದು ಬಿಸಿನೆಸ್ ಲ್ಯಾಪ್‌ಟಾಪ್ ತೋರಿಸಿ "ಮಿಲಿಟರಿ ಗ್ರೇಡ್ ಐತ್ರಿ, ಚಿಂತಿ ಬ್ಯಾಡ" ಅಂತಾರ. ಇನ್ನೊಬ್ರು ಪೂರ್ತಿ ರಗ್ಗಡ್ಡೇ ತಗೋರಿ ಅಂತಾರ, ಅದರ ರೇಟ್ ಕೇಳಿ ಎದಿ ಝಲ್ ಅಂತು. ಎಲ್ಲಿ ರೊಕ್ಕ ಹಾಕ್ಲಿ, ಎಲ್ಲಿ ಉಳಸ್ಲಿ, ತಿಳದಾವ್ರು ಹೇಳ್ರಿ.

ರಿಪೇರಿ_ಬೆಂಚು:
ಸರ್, ಮಿಲಿಟರಿ ಗ್ರೇಡ್ ಅನ್ನೋ ಮಾತು ನಂಬಿ ದುಡ್ಡು ಕೊಡಬೇಡಿ. ಆ ಮಾತಿಗೆ ಆಧಾರವಾದ ಎಂಐಎಲ್-ಎಸ್‌ಟಿಡಿ-810 ಅನ್ನೋದು ಅಮೆರಿಕದ ರಕ್ಷಣಾ ಇಲಾಖೆಯ ಟೆಸ್ಟ್ ವಿಧಾನಗಳು, ಅದರ 'ಎಚ್' ಆವೃತ್ತಿ ಬಂದಿದ್ದು 2019ರಲ್ಲಿ. ಸೈನ್ಯದವರು ಯಾರೂ ಲ್ಯಾಪ್‌ಟಾಪ್ ನೋಡಿ ಸರ್ಟಿಫಿಕೇಟ್ ಕೊಡಲ್ಲ, ಅದರಲ್ಲಿ ಯಾವ ಟೆಸ್ಟ್ ಮಾಡಿಸಬೇಕು ಅಂತ ಕಂಪನಿನೇ ಆರಿಸ್ಕೊಳ್ಳತ್ತೆ. ಬೀಳಿಸೋ ಟೆಸ್ಟೇ ತಗೊಳ್ಳಿ, 6 ಮುಖ, 12 ಅಂಚು, 8 ಮೂಲೆ ಸೇರಿ 26 ಸಲ ಬೀಳಿಸ್ತಾರೆ, ಆದ್ರೆ ಅಷ್ಟೂ ಏಟು ಒಂದೇ ಪೀಸ್ ತಿನ್ನಬೇಕು ಅಂತೇನಿಲ್ಲ, 5 ಪೀಸಿಗೆ ಹಂಚಬಹುದು.

ನಿಮಗೆ ಹೊಡೆತ ಕೊಡ್ತಿರೋದು ಧೂಳು, ಹಾಗಾಗಿ ಐಪಿ ನಂಬರ್ ಕೇಳಿ. ಮೊದಲ ಅಂಕಿ ಧೂಳಿಗೆ, ಎರಡನೇದು ನೀರಿಗೆ. ಐಪಿ53 ಅಂದ್ರೆ ಸ್ವಲ್ಪ ಧೂಳು ಒಳಗೆ ಹೋಗತ್ತೆ ಆದ್ರೆ ಕೆಲಸ ಕೆಡಲ್ಲ, ಐಪಿ65 ಅಂದ್ರೆ ಧೂಳು ಒಳಗೇ ಹೋಗಲ್ಲ, ಪೈಪಲ್ಲಿ ನೀರು ಬಿಟ್ಟರೂ ತಡಿಯತ್ತೆ. ಡೆಲ್ ಲ್ಯಾಟಿಟ್ಯೂಡ್ 5430 ರಗ್ಗಡ್, ಪ್ಯಾನಸೋನಿಕ್ ಟಫ್‌ಬುಕ್ 55 ಇವೆಲ್ಲ ಐಪಿ53ರ ಸೆಮಿ-ರಗ್ಗಡ್. ಇನ್ನೊಂದು, ಪೋರ್ಟಿನ ರಬ್ಬರ್ ಮುಚ್ಚಳ ತೆಗೆದು ಚಾರ್ಜ್‌ಗೆ ಹಾಕಿದ್ರೆ ಆ ನಂಬರಿಗೆ ಅರ್ಥನೇ ಇಲ್ಲ. ನಮ್ಮ ಬೆಂಚಿಗೆ ಬರೋ ರಗ್ಗಡ್‌ಗಳಲ್ಲಿ ಮುಚ್ಚಳ ಕಿತ್ತುಹೋಗಿರೋವೇ ಜಾಸ್ತಿ.

ಗದಗ_ಗಾಳಿ:
ನಾ ವಿಂಡ್‌ಮಿಲ್ ಮೆಂಟೆನೆನ್ಸ್ ಮಾಡಾಂವ. ಧೂಳಿನ ಮಾತು ಖರೆ, ಆದ್ರ ಅಣ್ಣಾರ, ಸ್ಕ್ರೀನ್ ಮರೀಬ್ಯಾಡ್ರಿ. ಆಫೀಸ್ ಲ್ಯಾಪ್‌ಟಾಪ್ 250-300 ನಿಟ್ಸ್ (ಸ್ಕ್ರೀನಿನ ಬೆಳಕಿನ ಅಳತಿ) ಇರತಾವ, ಬಿಸಲಾಗ ಕನ್ನಡಿ ಆಗಿಬಿಡ್ತಾವ, ನಾ ಎರಡು ವರ್ಷ ತಲಿ ಮ್ಯಾಲೆ ಟಾವೆಲ್ ಹೊತ್ಕೊಂಡು ಅದರಾಗ ಕಣ್ಣು ಕಿರಿದು ಮಾಡಿ ರೀಡಿಂಗ್ ನೋಡೇನಿ. ಈಗಿಂದು 1000 ನಿಟ್ಸ್, ಹನ್ನೆರಡರ ಬಿಸಲಾಗೂ ಅಂಕಿ ಎದ್ದು ಕಾಣ್ತಾವ. ಬ್ಯಾಟರಿ ಎರಡು ಇರ್ಲಿ, ಒಂದು ತಗದ್ರೂ ಇನ್ನೊಂದರ ಮ್ಯಾಲೆ ನಡೀಬೇಕು.

ರಿಪೇರಿ_ಬೆಂಚು:
ಹೌದು, ಸ್ಕ್ರೀನ್ ಆಮೇಲೆ ಬದಲಾಯಿಸೋದು ಕಷ್ಟ, ಆರ್ಡರ್ ಮಾಡುವಾಗಲೇ ಆರಿಸಿ. ಟೋಟಲ್ ಸ್ಟೇಷನ್ ಹಳೇದಾದ್ರೆ ಸೀರಿಯಲ್ ಪೋರ್ಟೂ (ಹಳೇ ಥರದ ಕೇಬಲ್ ಹಾಕೋ ಜಾಗ) ಆಗಲೇ ಹಾಕಿಸ್ಕೊಳ್ಳಿ, ಯುಎಸ್‌ಬಿ ಕನ್ವರ್ಟರ್ ಡ್ರೈವರ್ ಕೈಕೊಟ್ರೆ ಫೀಲ್ಡಲ್ಲಿ ಏನೂ ಮಾಡಕ್ಕಾಗಲ್ಲ. ರ‍್ಯಾಮ್ ಸ್ಲಾಟಲ್ಲಿದ್ರೆ ಈಗ 16 ಜಿಬಿ ಸಾಕು, ಮುಂದೆ ಹಾಕಬಹುದು, ಬೋರ್ಡಿಗೇ ಬೆಸುಗೆ ಹಾಕಿದ್ರೆ ಈಗಲೇ 32. ದುಡ್ಡು ಉಳಿಸೋದಿದ್ರೆ ಪ್ರೊಸೆಸರಲ್ಲಿ ಉಳಿಸಿ, ನಿಮ್ಮ ಕೆಲಸಕ್ಕೆ ಐ5 ಸಾಕು. ಜಿಎಸ್‌ಟಿ ನಂಬರ್ ಇದ್ರೆ ಬಿಲ್ಲಿಗೆ ಹಾಕಿಸಿ, 18% ಇನ್‌ಪುಟ್ ತಗೋಬಹುದು, ಅಂದ್ರೆ ಕೊಟ್ಟ ತೆರಿಗೆನ ನೀವು ಕಟ್ಟೋ ಜಿಎಸ್‌ಟಿಯಲ್ಲಿ ಕಳೀಬಹುದು.

ಇಳಕಲ್_ಸರ್ವೆ:
ಭಾಳ ಉಪಕಾರ ಆತ್ರಿ ಇಬ್ರಿಗೂ. ಡೀಲರ್ ಕಡೆಯಿಂದ ಐಪಿ53ರ ಒಂದು ಡೆಮೊ ಪೀಸ್ ಒಂದ್ ದಿನಕ್ಕ ಇಸ್ಕೊಂಡು ನಿನ್ನೆ ಕ್ವಾರಿಗೆ ಒಯ್ದಿದ್ದೆ. ಬಿಸಲಾಗ ಪಾಯಿಂಟ್ ನಂಬರ್ ಸೈತ ಕಾಣಿಸಿದ್ವು. ಆದ್ರ ಬ್ಲಾಸ್ಟ್ ಆದ ಮ್ಯಾಲೆ ನೋಡಿದ್ರ ಕೀಬೋರ್ಡಿನ ಕೀಲಿ ಸಂದಿನ್ಯಾಗೆಲ್ಲಾ ಬಿಳಿ ಪುಡಿ, ಉಗುರಿಂದ ಕೆರದೆ. ನಮ್ಮ ಜಾಗಾಕ್ಕ ಇದು ಸಾಲೂದಿಲ್ಲ ಅನಿಸ್ತು. ಐಪಿ65, 1000 ನಿಟ್ಸ್, ಸೀರಿಯಲ್ ಪೋರ್ಟ್, ಐ5 ಹಾಕಿ ಕೋಟೇಶನ್ ಕೇಳೇನಿ, ಸೋಮವಾರ ಕೊಡ್ತಾರಂತ.